ಪಿಯುಸಿ ಬಯಾಲಜಿಗೆ ಆಂಕಿ: ಪರೀಕ್ಷೆ ಹತ್ತಿರ ಬಂದಾಗ ಎಷ್ಟರ ಮಟ್ಟಿಗೆ ಕೈ ಹಿಡಿಯುತ್ತದೆ?

ಆಂಕಿ ಎಂದರೆ ಪ್ರಶ್ನೋತ್ತರದ ಕಾರ್ಡ್‌ಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿನಲ್ಲಿ ಉಳಿಸುವ ಆ್ಯಪ್. ದ್ವಿತೀಯ ಪಿಯುಸಿ ಬಯಾಲಜಿಗೆ ವರ್ಷವಿಡೀ ಬಳಸಿದರೆ ಆಂಕಿಗೆ 5ಕ್ಕೆ 4.5 ಕೊಡಬಹುದು. ಪರೀಕ್ಷೆಗೆ ಹತ್ತು ದಿನ ಇರುವಾಗ ಇನ್‌ಸ್ಟಾಲ್ ಮಾಡಿ, ಸೆಟ್ಟಿಂಗ್ ಏನೂ ಮುಟ್ಟದೆ ಓಡಿಸಿದರೆ 2 ಕೊಡುವುದೂ ಕಷ್ಟ. ಎರಡಕ್ಕೂ ಕಾರಣ ಒಂದೇ. ನೀವು ಯಾವಾಗ ಮರೆಯುತ್ತೀರಿ ಎಂದು ಅಂದಾಜು ಹಾಕಿ ಆ ಹೊತ್ತಿಗೆ ಕಾರ್ಡ್ ತೋರಿಸುವುದಷ್ಟೇ ಇದರ ಕೆಲಸ. ಪರೀಕ್ಷೆಯ ದಿನಾಂಕ ಅದಕ್ಕೆ ಗೊತ್ತಿಲ್ಲ, ಹೇಳುವ ಜಾಗವೂ ಇಲ್ಲ.

ಮೊದಲು ದುಡ್ಡಿನ ವಿಷಯ. ಕಂಪ್ಯೂಟರಿನಲ್ಲಿ ಉಚಿತ, ಆಂಡ್ರಾಯ್ಡ್‌ನ ಆಂಕಿಡ್ರಾಯ್ಡ್ ಕೂಡ ಉಚಿತ. ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ ಹಣ ಕೊಡಬೇಕು (ಅಮೆರಿಕದಲ್ಲಿ 24.99 ಡಾಲರ್). ಬೇಡವೆಂದರೆ ಬ್ರೌಸರಿನಲ್ಲಿ ಆಂಕಿವೆಬ್ ತೆರೆದು ಓದಬಹುದು. ಹೆಚ್ಚುಕಮ್ಮಿ ಇದೇ ಹೆಸರಿಟ್ಟುಕೊಂಡು ತಿಂಗಳ ಚಂದಾ ಕೇಳುವ ಆ್ಯಪ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ.

ಈಗ ಲೆಕ್ಕ. ಪಠ್ಯಕ್ರಮ ಇಳಿಸಿದ ಮೇಲೆ ಎನ್‌ಸಿಇಆರ್‌ಟಿ 12ನೇ ತರಗತಿ ಬಯಾಲಜಿಯಲ್ಲಿ 13 ಅಧ್ಯಾಯಗಳಿವೆ. ಅಧ್ಯಾಯಕ್ಕೆ 60 ಕಾರ್ಡ್ ಎಂದರೂ ಒಟ್ಟು 780. ಡೀಫಾಲ್ಟ್ ಆಗಿ ದಿನಕ್ಕೆ 20 ಹೊಸ ಕಾರ್ಡ್ ಬರುವುದರಿಂದ ಎಲ್ಲವನ್ನೂ ಒಮ್ಮೆ ನೋಡಲು 39 ದಿನ ಬೇಕು. ಹತ್ತೇ ದಿನ ಉಳಿದಿದ್ದರೆ ದಿನಕ್ಕೆ 78 ಹೊಸದು ತಳ್ಳಬೇಕಾಗುತ್ತದೆ. ಅಷ್ಟರಲ್ಲಿ ಹಳೆಯವು ಪುನರಾವರ್ತನೆಗೆ ಬಂದು ದಿನಕ್ಕೆ 200ರ ರಿವ್ಯೂ ಮಿತಿ ತುಂಬುತ್ತದೆ. ಮಿತಿ ತುಂಬಿದರೆ ಹೊಸ ಕಾರ್ಡ್ ಬರುವುದೂ ನಿಲ್ಲುತ್ತದೆ, ಎಚ್ಚರಿಕೆಯ ಗಂಟೆಯೇನೂ ಬಾರಿಸುವುದಿಲ್ಲ. 'ಇವತ್ತಿನದು ಮುಗಿಯಿತು' ಎಂಬ ಅಭಿನಂದನೆ ನೋಡಿ ಫೋನ್ ಕೆಳಗಿಡುವವರ ಎರಡು ಅಧ್ಯಾಯ ಒಳಗೇ ಉಳಿದಿರುತ್ತವೆ. ಹಾಗಾಗಿ ಡೆಕ್ (ಕಾರ್ಡ್‌ಗಳ ಕಟ್ಟು) ಆಪ್ಷನ್ಸ್‌ಗೆ ಹೋಗಿ ರಿವ್ಯೂ ಮಿತಿಯನ್ನು 9999 ಮಾಡಿ. ಹೊಸ ಕಾರ್ಡ್ ಎಲ್ಲವನ್ನೂ ನೋಡಲು ಆಗದಿದ್ದರೆ ಹೆಚ್ಚು ಅಂಕ ಬರುವ ಅಧ್ಯಾಯಗಳನ್ನಷ್ಟೇ ಇಟ್ಟು ಉಳಿದದ್ದನ್ನು ಸಸ್ಪೆಂಡ್ ಮಾಡಿ, ಅಂದರೆ ತೋರಿಸದಂತೆ ತಡೆಹಿಡಿಯಿರಿ. ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಎಂಬುದು ಪರೀಕ್ಷಾ ಮಂಡಳಿಯ ನೀಲನಕ್ಷೆಯಲ್ಲಿದೆ.

ಎರಡನೇ ತೊಂದರೆ ಅಂತರದ್ದು. ಹೊಸ ಕಾರ್ಡಿಗೆ 'ಗುಡ್' (ನೆನಪಿತ್ತು) ಒತ್ತುತ್ತಾ ಹೋದರೆ ಮೊದಲು 1 ದಿನ, ಆಮೇಲೆ ಸುಮಾರು ಎರಡೂವರೆ ಪಟ್ಟಿನಂತೆ ಅಂತರ ಬೆಳೆಯುತ್ತದೆ. ಮೂರ್ನಾಲ್ಕು ಸಲ ಸರಿ ಹೇಳಿದ ಕಾರ್ಡ್ ಪರೀಕ್ಷೆ ಮುಗಿದ ಮೇಲೆ ತಲೆ ಹಾಕುತ್ತದೆ. ಇದಕ್ಕೆ ಮ್ಯಾಕ್ಸಿಮಮ್ ಇಂಟರ್ವಲ್ ಎಂಬ ಸಾಲಿದೆ, ಡೀಫಾಲ್ಟ್ 36500 ದಿನ. ಹತ್ತು ದಿನ ಉಳಿದಾಗ ಅದನ್ನು 3ಕ್ಕೆ ಇಳಿಸಿ. ಹೀಗೆ ಇಳಿಸಿದರೂ ಈಗಾಗಲೇ ಮುಂದಕ್ಕೆ ಹೋದ ಕಾರ್ಡ್‌ಗಳು ಹಿಂದೆ ಬರುವುದಿಲ್ಲ, ಇನ್ನು ಮುಂದೆ ಒತ್ತುವ ಉತ್ತರಕ್ಕೆ ಮಾತ್ರ ಅನ್ವಯ. ಅಂತರ ನಿಗದಿಮಾಡುವ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ವರ್ಷಗಟ್ಟಲೆ ಬಳಸುವವರಿಗೆ ನಿಜಕ್ಕೂ ಒಳ್ಳೆಯದು. ಆದರೆ ನಿಮ್ಮ ಉತ್ತರಗಳ ಇತಿಹಾಸ ಇಲ್ಲದೆ ಅದು ನಿಮಗೆ ತಕ್ಕಂತೆ ಹೊಂದಿಕೊಳ್ಳುವುದಿಲ್ಲ, ಕೊನೇ ವಾರದಲ್ಲಿ ಅದರ ಗೋಜಿಗೆ ಹೋಗಬೇಡಿ.

ಕೊನೆಯ ಮೂರು ದಿನಕ್ಕೆ ಕೆಲಸಕ್ಕೆ ಬರುವುದು ಕಸ್ಟಮ್ ಸ್ಟಡಿ, ಅಂದರೆ ವೇಳಾಪಟ್ಟಿಯ ಆಚೆಗೆ ಬೇಕಾದ ಕಾರ್ಡ್‌ಗಳನ್ನೇ ಆರಿಸಿ ಓದುವ ಆಯ್ಕೆ. ಆಂಕಿಡ್ರಾಯ್ಡ್‌ನಲ್ಲಿ ಡೆಕ್ ಮೇಲೆ ಬೆರಳು ಒತ್ತಿ ಹಿಡಿದರೆ ಸಿಗುತ್ತದೆ. ಅದರಲ್ಲಿ ಎರಡೇ ಸಾಕು. 'ರಿವ್ಯೂ ಫರ್ಗಾಟನ್ ಕಾರ್ಡ್ಸ್' ಕೊಟ್ಟು 3 ದಿನ ಎಂದರೆ ಆ ಮೂರು ದಿನದಲ್ಲಿ 'ಅಗೇನ್' (ಮರೆತೆ) ಒತ್ತಿದವೆಲ್ಲ ಒಂದೆಡೆ ಸೇರುತ್ತವೆ. ಇನ್ನೊಂದು, ಟ್ಯಾಗ್ ಆರಿಸಿ ಎಲ್ಲ ಕಾರ್ಡನ್ನೂ ಕಲಸಿ ನೋಡುವ ಆಯ್ಕೆ. ಇದರಲ್ಲಿ 'ಡೋಂಟ್ ರಿಶೆಡ್ಯೂಲ್' ಎಂದಿರುವುದನ್ನೇ ತೆಗೆದುಕೊಳ್ಳಿ. ಪಿಯುಸಿ ಪರೀಕ್ಷೆ-1 ಮಾರ್ಚ್‌ನಲ್ಲಿ ಮುಗಿದರೂ ಮೇನಲ್ಲಿ ನೀಟ್ ಇದೆ, ಅಲ್ಲಿನ 720ರಲ್ಲಿ 360 ಅಂಕ ಬಯಾಲಜಿಯದ್ದು. ಅವಸರದಲ್ಲಿ ಒತ್ತಿದ ಉತ್ತರಗಳು ಆ ಎರಡು ತಿಂಗಳ ವೇಳಾಪಟ್ಟಿಯನ್ನು ಕೆಡಿಸಬಾರದು. ಹೀಗೆ ಕಲಸಿ ನೋಡುವಾಗ ಕಾರ್ಡಿಗೆ 9 ಸೆಕೆಂಡ್ ಹಿಡಿದರೆ 400 ಕಾರ್ಡ್‌ಗೆ ಒಂದು ಗಂಟೆ.

ಸಿದ್ಧ ಡೆಕ್ ಇಳಿಸಿಕೊಳ್ಳುವವರು ಗಮನಿಸಬೇಕು: ಹಳೆಯವು ಬಹಳಷ್ಟು 16 ಅಧ್ಯಾಯದ ಕಾಲದವು. ಪರಿಸರ ಸಮಸ್ಯೆಗಳು, ಆಹಾರೋತ್ಪಾದನೆ ಹೆಚ್ಚಳ, ಜೀವಿಗಳಲ್ಲಿ ಸಂತಾನೋತ್ಪತ್ತಿ ಎಂಬ ಬಿಟ್ಟುಹೋದ ಅಧ್ಯಾಯಗಳೂ ಅದರಲ್ಲಿರುತ್ತವೆ. ಪಠ್ಯದ ಇಡೀ ಪ್ಯಾರಾ ಹಾಕಿ ಒಂದು ಪದ ಮುಚ್ಚಿರುವ ಕಾರ್ಡ್‌ಗಳು ಇನ್ನೂ ಕೆಟ್ಟವು. ನಾಲ್ಕು ಸಲ ನೋಡಿದ ಮೇಲೆ ವಾಕ್ಯದ ಆಕಾರ ನೋಡಿಯೇ ಉತ್ತರ ಬರುತ್ತದೆ, ವಿಷಯ ಬಂದಿರುವುದಿಲ್ಲ.

ನೀವೇ ಮಾಡುವುದಾದರೆ ಒಂದು ಕಾರ್ಡಿಗೆ ಒಂದೇ ಸಂಗತಿ. 'ಲ್ಯಾಕ್ ಒಪೆರಾನ್ ವಿವರಿಸಿ' ಎಂಬುದು ಕಾರ್ಡ್ ಅಲ್ಲ. ಅದನ್ನು ಒಡೆಯಿರಿ: ಐ ಜೀನಿನಿಂದ ರಿಪ್ರೆಸರ್, ಝಡ್‌ನಿಂದ ಬೀಟಾ-ಗ್ಯಾಲಕ್ಟೊಸಿಡೇಸ್, ವೈನಿಂದ ಪರ್ಮಿಯೇಸ್, ಎಯಿಂದ ಟ್ರಾನ್ಸ್‌ಅಸಿಟೈಲೇಸ್. ಇದಕ್ಕೆ ಕಡ್ಡಾಯವಾಗಿ ಒಂದು 'ಯಾಕೆ' ಕಾರ್ಡ್ ಸೇರಿಸಿ: ಲ್ಯಾಕ್ಟೋಸ್ ಬಂದರೆ ಒಪೆರಾನ್‌ನ ಸ್ವಿಚ್ ಆನ್ ಆಗುವುದು ಯಾಕೆ? ಇಂಡ್ಯೂಸರ್ (ಇಲ್ಲಿ ಲ್ಯಾಕ್ಟೋಸ್) ಅಂಟಿಕೊಂಡ ರಿಪ್ರೆಸರ್ ಆಪರೇಟರ್ ಮೇಲೆ ಕೂರಲಾರದು, ಆರ್‌ಎನ್‌ಎ ಪಾಲಿಮರೇಸ್‌ಗೆ ದಾರಿ ಬಿಡುತ್ತದೆ.

ಒಂದೇ ಬಗೆಯ ಅಂಕಿಗಳು ಒಂದನ್ನೊಂದು ಕೆಡಿಸುತ್ತವೆ. ಫೈ ಎಕ್ಸ್ 174 ಎಂಬ ವೈರಸ್‌ನ ಡಿಎನ್‌ಎಯಲ್ಲಿ 5386 ನ್ಯೂಕ್ಲಿಯೊಟೈಡ್, ಲ್ಯಾಂಬ್ಡಾ ಫೇಜ್‌ನಲ್ಲಿ 48502 ಬೇಸ್ ಜೋಡಿ, ಇ. ಕೋಲೈನಲ್ಲಿ 46 ಲಕ್ಷ, ಮನುಷ್ಯನ ಹ್ಯಾಪ್ಲಾಯ್ಡ್ ಜೀನೋಮಿನಲ್ಲಿ 330 ಕೋಟಿ. ನಾಲ್ಕು ಬಿಡಿ ಕಾರ್ಡ್ ಮಾಡಿದರೆ ಅದಲುಬದಲಾಗುತ್ತವೆ. ಚಿಕ್ಕದರಿಂದ ದೊಡ್ಡದಕ್ಕೆ ಒಂದೇ ಪಟ್ಟಿ ಬರೆದು, ಸಲಕ್ಕೊಂದು ಅಂಕಿ ಮುಚ್ಚುವ ಕ್ಲೋಝ್ ಕಾರ್ಡ್ ಮಾಡಿದರೆ ನಿಲ್ಲುತ್ತವೆ.

ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಪ್ರಶ್ನೆಯನ್ನು ಕನ್ನಡದಲ್ಲಿ ಬರೆದು, ಉತ್ತರದ ಇಂಗ್ಲಿಷ್ ಪದವನ್ನು ಟೈಪ್ ಮಾಡಿಸುವ ನೋಟ್ ಟೈಪ್ ಆರಿಸಿ. ತಪ್ಪಿದ ಅಕ್ಷರವನ್ನು ಬಣ್ಣ ಹಚ್ಚಿ ತೋರಿಸುತ್ತದೆ. ಸ್ಪರ್ಮಟೊಜೆನೆಸಿಸ್ ಮತ್ತು ಸ್ಪರ್ಮಿಯೊಜೆನೆಸಿಸ್, ಟ್ರಾನ್ಸ್‌ಕ್ರಿಪ್ಶನ್ ಮತ್ತು ಟ್ರಾನ್ಸ್‌ಲೇಶನ್ ನಡುವೆ ಅಂಕ ಹೋಗುವುದು ಇಂಥ ಕಡೆಯೇ.

ಚಿತ್ರಗಳಿಗೆ ಇಮೇಜ್ ಆಕ್ಲೂಶನ್ (ಚಿತ್ರದ ಭಾಗಗಳ ಹೆಸರು ಮುಚ್ಚಿ ಕೇಳುವುದು) ಇದೆ, 23.10 ಆವೃತ್ತಿಯಿಂದ ಒಳಗೇ ಬರುತ್ತದೆ. 'ಹೈಡ್ ಆಲ್, ಗೆಸ್ ಒನ್' ಆರಿಸಿ, ಇಲ್ಲವಾದರೆ ಅಕ್ಕಪಕ್ಕದ ಹೆಸರುಗಳೇ ಉತ್ತರ ಹೇಳಿಬಿಡುತ್ತವೆ. ಪಿಬಿಆರ್322 ಎಂಬ ಪ್ಲಾಸ್ಮಿಡ್‌ನ ಚಿತ್ರ ಇದಕ್ಕೆ ಹೇಳಿ ಮಾಡಿಸಿದ್ದು: ಡಿಎನ್‌ಎ ಕತ್ತರಿಸುವ ತಾಣಗಳಲ್ಲಿ ಬ್ಯಾಮ್ ಎಚ್-1, ಸಾಲ್-1 ಇರುವುದು ಟೆಟ್ರಾಸೈಕ್ಲಿನ್ ಪ್ರತಿರೋಧದ ಜೀನಿನಲ್ಲಿ; ಪಿಎಸ್‌ಟಿ-1, ಪಿವಿಯು-1 ಆಂಪಿಸಿಲಿನ್ ಪ್ರತಿರೋಧದ ಜೀನಿನಲ್ಲಿ. ಆದರೆ ಹೆಸರು ಗುರುತಿಸುವುದೇ ಬೇರೆ, ಚಿತ್ರ ಬರೆಯುವುದೇ ಬೇರೆ. ಪರಾಗಕೋಶದ ಅಡ್ಡಸೀಳಿಕೆಯಲ್ಲಿ ಟಪೀಟಮ್ ಯಾವುದೆಂದು ತಟ್ಟನೆ ಹೇಳುವವರು ಖಾಲಿ ಹಾಳೆಯಲ್ಲಿ ನಾಲ್ಕು ಪದರಗಳ ಕ್ರಮ ತಪ್ಪುತ್ತಾರೆ. ಕಾರ್ಡ್ ತಿರುಗಿಸುವ ಮುನ್ನ ಪೆನ್ಸಿಲ್‌ನಲ್ಲಿ ಬರೆಯುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಆಂಕಿ ಕೈಕೊಡುವ ಜಾಗಗಳೂ ಸ್ಪಷ್ಟ. 70 ಅಂಕದ ಲಿಖಿತ ಪರೀಕ್ಷೆಯಲ್ಲಿ ಒಂದಂಕದ ಪ್ರಶ್ನೆ, ಬಿಟ್ಟ ಸ್ಥಳಗಳಿಗೆ ಅದು ಭರ್ಜರಿ, ಎರಡಂಕಕ್ಕೂ ಸಾಕು. ಐದಂಕದ ಉತ್ತರ, ದ್ವಿಸಂಕರಣದ ಚೌಕ, ವಂಶಾವಳಿ ಲೆಕ್ಕ ಇವೆಲ್ಲ ಮಾದರಿ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಬರೆದೇ ಬರಬೇಕು. ದಿನದಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾರ್ಡಿಗೆ ಕೊಟ್ಟರೆ ಆ ಭಾಗ ಸೊರಗುತ್ತದೆ.

ಎಡವಬಹುದಾದ ಸಣ್ಣಪುಟ್ಟ ಜಾಗಗಳು: ಮರೆತಿದ್ದಕ್ಕೆ 'ಹಾರ್ಡ್' ಒತ್ತಬೇಡಿ, ಆಂಕಿ ಅದನ್ನು 'ನೆನಪಿತ್ತು' ಎಂದೇ ಲೆಕ್ಕ ಹಿಡಿಯುತ್ತದೆ. 8 ಸಲ ತಪ್ಪಿದ ಕಾರ್ಡನ್ನು 'ಲೀಚ್' ಎನ್ನುತ್ತದೆ. ಆಪ್ಷನ್ಸ್‌ನಲ್ಲಿ ಸಸ್ಪೆಂಡ್ ಎಂದಿದ್ದರೆ ನಿಮಗೆ ಬರದ ಕಾರ್ಡೇ ಮಾಯವಾಗುತ್ತದೆ, 'ಟ್ಯಾಗ್ ಓನ್ಲಿ' ಇಡಿ. ಹೊಸ ದಿನ ಶುರುವಾಗುವುದು ಬೆಳಗಿನ ಜಾವ 4ಕ್ಕೆ, ರಾತ್ರಿಯೆಲ್ಲ ಕೂರುವವರಿಗೆ ಆ ಹೊತ್ತಿಗೆ ಹೊಸ ರಾಶಿ ಬಂದು ಬೀಳುತ್ತದೆ. ಸಿಂಕ್ ಮಾಡುವಾಗ ಅಪ್‌ಲೋಡೋ ಡೌನ್‌ಲೋಡೋ ಎಂದು ಕೇಳಿದರೆ ಅವಸರದಲ್ಲಿ ಒತ್ತಬೇಡಿ, ತಪ್ಪಿದರೆ ಒಂದು ಕಡೆಯ ಕಾರ್ಡ್‌ಗಳು ಅಳಿಸಿಹೋಗುತ್ತವೆ. ಮೊದಲು ಫೈಲ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಪರೀಕ್ಷೆಯ ಹಿಂದಿನ ಸಂಜೆ ಹೊಸ ಕಾರ್ಡ್ ಮಿತಿ 0 ಇರಲಿ. ಪರೀಕ್ಷೆ ಮುಗಿದ ದಿನವೇ ಮ್ಯಾಕ್ಸಿಮಮ್ ಇಂಟರ್ವಲ್ ಅನ್ನು ಮತ್ತೆ 36500ಕ್ಕೆ ಏರಿಸಿ. 3ರಲ್ಲೇ ಬಿಟ್ಟರೆ 780 ಕಾರ್ಡ್‌ಗಳು ಮೂರು ದಿನಕ್ಕೊಮ್ಮೆ, ಅಂದರೆ ದಿನಕ್ಕೆ 260ರಂತೆ, ಬರುತ್ತಲೇ ಇರುತ್ತವೆ; ನೀಟ್‌ಗೆ ಓದಬೇಕಾದ ಪ್ರಥಮ ಪಿಯುಸಿ ಅಧ್ಯಾಯಗಳಿಗೆ ಜಾಗವೇ ಉಳಿಯುವುದಿಲ್ಲ.