ಎಚ್‌ಐವಿ ಪರೀಕ್ಷೆ: ಐಸಿಟಿಸಿಯೋ, ಖಾಸಗಿ ಲ್ಯಾಬೋ?

ಸೋಂಕು ತಗುಲಿರಬಹುದಾದ ಸಂಪರ್ಕವಾಗಿ 72 ಗಂಟೆ ಆಗಿಲ್ಲದಿದ್ದರೆ ಹೋಲಿಕೆ ಬಿಡಿ, ಸೋಂಕು ತಡೆಯುವ ಪೆಪ್ ಮಾತ್ರೆಗಾಗಿ ಆಸ್ಪತ್ರೆಗೆ ಓಡಿ.

ಸರ್ಕಾರಿ ಐಸಿಟಿಸಿಯಲ್ಲಿ (ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ, ಆಪ್ತಸಮಾಲೋಚನೆಯೂ ಇದೆ. ರ‍್ಯಾಪಿಡ್ ಕಿಟ್ ಹುಡುಕುವುದು ದೇಹ ವೈರಸ್ಸಿನ ವಿರುದ್ಧ ನಿಧಾನಕ್ಕೆ ತಯಾರಿಸುವ ಪ್ರತಿಕಾಯವನ್ನು. ಹಾಗಾಗಿ ನೆಗೆಟಿವ್ ಎಂದು ನಂಬಲು 90 ದಿನ ಕಾಯಬೇಕು. ಲ್ಯಾಬಿನ ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಸ್ಸಿನದೇ ಪ್ರೋಟೀನಾದ ಪಿ24 ಆಂಟಿಜನ್ನನ್ನೂ ನೋಡುತ್ತದೆ, 45 ದಿನ ಸಾಕು, ದುಡ್ಡು ನಿಮ್ಮದು. ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಇನ್ನೂ ಬೇಗ, ಇನ್ನೂ ದುಬಾರಿ, ನೆಗೆಟಿವ್ ಬಂದರೂ ಮರುಪರೀಕ್ಷೆ ತಪ್ಪದು.

ಒಂದೂವರೆ ತಿಂಗಳಾಗಿ ನಿದ್ದೆಯಿಲ್ಲದವರಿಗೆ ಲ್ಯಾಬ್. ಮೂರು ತಿಂಗಳು ದಾಟಿದವರಿಗೆ ಐಸಿಟಿಸಿಯೇ ಸಾಕು. ಮಡಿಕೇರಿಯಲ್ಲಿ ನೆಂಟರು ಕಂಡಾರೆಂಬ ಅಳುಕಿದ್ದರೆ ಮೈಸೂರಿಗೆ ಹೋಗಿ, ತಪ್ಪೇನಿಲ್ಲ. ಗೋಪ್ಯತೆ ಮಾತ್ರ ಎಲ್ಲೆಡೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯಂತೆ ಕಡ್ಡಾಯ.

ಅವಧಿ ಮುಗಿದು ನೆಗೆಟಿವ್ ಬಂದರೂ ಐದನೇ ಸಲ ರಕ್ತ ಕೊಡಲು ಹೊರಟಿದ್ದೀರಾ? ಆಗ ಲ್ಯಾಬಿಗಿಂತ ಮನೋವೈದ್ಯರೇ ವಾಸಿ. ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆಯೂ ಉಚಿತ.