ಮೇಲೆ ಥಳಕು, ಒಳಗೆ ಹುಳುಕು: ತುಮಕೂರಿನ ಒಂದು ರೋಡ್‌ಕಿಂಗ್ ಕೆಟ್ಟ ಬಗೆ

ದೇವರಾಯನದುರ್ಗದ ಇಳಿಜಾರಿನಲ್ಲಿ ಎಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿಯುತ್ತಿದ್ದಾಗ ಹಿಂದಿನ ಚಕ್ರ ಕಚ್ಚಿಕೊಂಡಿತು. ಗಾಡಿ ಹತ್ತಡಿ ಜಾರಿ ನಿಂತಿತು. ಕ್ಲಚ್ ಹಿಡಿದದ್ದರಿಂದ ಸವಾರ ಬೀಳಲಿಲ್ಲ. ಪೇಂಟ್ ಆಗಿ ಹೊರಬಂದ ಮೇಲೆ ಗಾಡಿ ಇನ್ನೂ 60 ಕಿಲೋಮೀಟರ್ ಓಡಿರಲಿಲ್ಲ. ಅದು ಯೆಜ್ಡಿ ರೋಡ್‌ಕಿಂಗ್, ಹಳೆಯ ಟೂ ಸ್ಟ್ರೋಕ್ ಬೈಕ್. 42,000 ಕೊಟ್ಟು ಕೊಂಡದ್ದು, ಅದರ ಮೇಲೆ 71,000 ಸುರಿದದ್ದು. ಆ 71,000ದಲ್ಲಿ ಪೇಂಟ್, ಪೌಡರ್ ಕೋಟಿಂಗ್, ಕ್ರೋಮ್ ಈ ಮೂರಕ್ಕೇ 38,000 ಹೋಗಿತ್ತು. ಎಂಜಿನ್‌ಗೆ ಸಿಕ್ಕಿದ್ದು 12,500. ಗಾಡಿ ಯಾಕೆ ನಿಂತಿತು ಅನ್ನೋದಕ್ಕೆ ಈ ಎರಡು ಅಂಕಿಯೇ ಸಾಕು. ಆದರೂ ಬಿಚ್ಚಿದಾಗ ಸಿಕ್ಕಿದ್ದನ್ನೆಲ್ಲ ಹೇಳಿದರೆ ಇನ್ನೊಬ್ಬರ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಉಳಿದೀತು.

ಗಾಡಿ ಸಿಕ್ಕಿದ್ದು ಗುಬ್ಬಿ ಕಡೆಯ ಒಂದು ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ. ಹತ್ತು ವರ್ಷ ನಿಂತಲ್ಲೇ ನಿಂತು, ಬ್ಲಾಕಿನ ರೆಕ್ಕೆಗಳ ನಡುವೆ ತೆಂಗಿನ ನಾರಿನ ಪುಡಿ ಗಟ್ಟಿಯಾಗಿ ಕೂತಿತ್ತು. ಕಿಕ್ ಒತ್ತಿದರೆ ಕಂಪ್ರೆಷನ್ ಸಿಕ್ಕಿತು. "ಎಂಜಿನ್ ಗಟ್ಟಿ ಇದೆ ಬಿಡಣ್ಣ, ಮೇಲೆ ಪಾಲಿಶ್ ಮಾಡ್ಸಿದ್ರೆ ಆಯ್ತು" ಅಂದರು ಮಾರಿದವರು. ಮೋಸ ಶುರುವಾಗೋದು ಈ ಮಾತಿನಲ್ಲೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕಿಕ್‌ಗೆ ಸಿಗುವ ಒತ್ತಡ ಪಿಸ್ಟನ್ ಮೇಲಿನ ಕತೆಯನ್ನಷ್ಟೇ ಹೇಳುತ್ತದೆ. ಪಿಸ್ಟನ್ ಕೆಳಗೆ, ಕ್ರ್ಯಾಂಕ್ ಕೇಸಿನೊಳಗೂ ಗಾಳಿ ಬಿಗಿಯಾಗಿ ನಿಲ್ಲಬೇಕು, ಏಕೆಂದರೆ ಪೆಟ್ರೋಲ್ ಮಿಶ್ರಣ ಮೇಲೇರುವುದು ಅಲ್ಲಿಂದಲೇ. ಹತ್ತು ವರ್ಷ ಒಣಗಿದ ಆಯಿಲ್ ಸೀಲಿನ ರಬ್ಬರ್ ಕಲ್ಲಾಗಿರುತ್ತದೆ. ಅದು ಕಿಕ್‌ನಲ್ಲಿ ಕಾಲಿಗೆ ಗೊತ್ತಾಗುವ ವಿಷಯವಲ್ಲ.

ಹೆಡ್ ಬಿಚ್ಚಿದಾಗ ಮೊದಲು ಕಂಡದ್ದು ಪ್ಲಗ್. ಚೆನ್ನಾಗಿ ಓಡುವ ಟೂ ಸ್ಟ್ರೋಕಿನ ಪ್ಲಗ್ ತುದಿ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ಇದು ಸುಣ್ಣದ ಹಾಗೆ ಬೆಳ್ಳಗಿತ್ತು, ಮೇಲೆ ಸಾಸಿವೆಗಿಂತ ಸಣ್ಣ ಅಲ್ಯೂಮಿನಿಯಂ ಚುಕ್ಕೆಗಳು. ಬ್ಲಾಕ್ ಎತ್ತಿದರೆ ಪಿಸ್ಟನ್ ಮೇಲೆ ಎರಡು ಬಗೆಯ ಗೀರು. ಸೈಲೆನ್ಸರ್ ಕಡೆಯ ಮುಖದಲ್ಲಿ ಆಳವಾಗಿ ಉಜ್ಜಿ, ಲೋಹ ಕರಗಿ ರಿಂಗಿನ ಮೇಲೆ ಮೆತ್ತಿಕೊಂಡಿತ್ತು. ಜೊತೆಗೆ ನಾಲ್ಕು ಮೂಲೆಯಲ್ಲೂ ಉದ್ದುದ್ದ ಗೆರೆ. ಈ ಗುರುತುಗಳನ್ನು ಓದಲು ಕಲಿತರೆ ಮೆಕ್ಯಾನಿಕ್ ಏನು ಹೇಳಿದರೂ ದಾರಿ ತಪ್ಪುವುದಿಲ್ಲ. ಸೈಲೆನ್ಸರ್ ಕಡೆ ಮಾತ್ರ ಉಜ್ಜಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಕಾದಿದೆ. ನಾಲ್ಕು ಮೂಲೆಯಲ್ಲಿ ಗೆರೆ ಬಿದ್ದಿದ್ದರೆ ಬೋರಿನಲ್ಲಿ, ಅಂದರೆ ಬ್ಲಾಕಿನ ಒಳತೂತಿನಲ್ಲಿ, ಪಿಸ್ಟನ್‌ಗೆ ಜಾಗ ಸಾಲದಾಗಿದೆ. ಸುತ್ತಲೂ ಒಂದೇ ಸಮ ಉಜ್ಜಿದ್ದರೆ ಎಣ್ಣೆ ಇಲ್ಲ. ಈ ಗಾಡಿಯಲ್ಲಿ ಮೊದಲ ಎರಡೂ ಒಟ್ಟಿಗೆ ಸೇರಿದ್ದವು.

ಬೋರಿನ ತಪ್ಪು ಲೇತ್‌ನಲ್ಲಾಯಿತು ಅನ್ನಬಹುದು. ಆದರೆ ನಿಜವಾಗಿ ಆದದ್ದು ಕೆಲಸದ ಸರದಿಯಲ್ಲಿ. ರೋಡ್‌ಕಿಂಗಿನ ಮೂಲ ಬೋರ್ 65 ಎಂಎಂ. ಓವರ್‌ಸೈಜ್ 0.50, ಅಂದರೆ ಬೋರನ್ನು ಅರ್ಧ ಎಂಎಂ ಹಿಗ್ಗಿಸಿ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಅಂತ ಮಾತಾಗಿ, ಪಿಸ್ಟನ್ ಕೊರಿಯರ್‌ನಲ್ಲಿ ಬರುವ ಮೊದಲೇ ಬ್ಲಾಕನ್ನು 65.50ಕ್ಕೆ ಕೊರೆದಿಟ್ಟರು. ಬಂದ ಪಿಸ್ಟನ್ ಸ್ಕರ್ಟಿನ, ಅಂದರೆ ಅದರ ಕೆಳಭಾಗದ ಗೋಡೆಯ, ತುದಿಯಲ್ಲಿ 65.47 ಇತ್ತು. ಅಂದರೆ ಜಾಗ ಬರೀ 0.03, ಒಂದು ತೌಗಿಂತ (ಇಂಚಿನ ಸಾವಿರದಲ್ಲೊಂದು ಭಾಗ) ಸ್ವಲ್ಪ ಹೆಚ್ಚು. ಎರಕದ ಕಬ್ಬಿಣದ ಬ್ಲಾಕ್, ಗಾಳಿಯಲ್ಲಿ ತಣ್ಣಗಾಗುವ ಎಂಜಿನ್, 65ರ ಪಿಸ್ಟನ್ ಅಂದರೆ ಎರಡೂವರೆಯಿಂದ ಮೂರು ತೌ, ಅಂದರೆ 0.06ರಿಂದ 0.08 ಎಂಎಂ ಬೇಕು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬೇಗನೂ ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಜಾಗ ಇಲ್ಲದಿದ್ದರೆ ಪಿಸ್ಟನ್ ಹೋಗಿ ಗೋಡೆಯನ್ನು ಹಿಡಿಯುತ್ತದೆ. "ಟೈಟಾಗೇ ಇರ್ಲಿ ಬಿಡಣ್ಣ, ಐನೂರು ಕಿಲೋಮೀಟರ್ ಓಡಿದ್ರೆ ತಾನೇ ಬಿಟ್ಕೊಳ್ತದೆ" ಅನ್ನೋ ಮಾತು ಲೇತ್‌ಗಳಲ್ಲಿ ದಿನಾ ಕೇಳುತ್ತದೆ. ಬಿಟ್ಟುಕೊಳ್ಳುತ್ತದೆ ನಿಜ, ಪಿಸ್ಟನ್ ಅರ್ಧ ಗೋಡೆಗೆ ಮೆತ್ತಿದ ಮೇಲೆ.

ಹಾಗಾಗಿ ಪಿಸ್ಟನ್ ಕೈಯಲ್ಲಿ ಹಿಡಿದೇ ಲೇತ್‌ಗೆ ಹೋಗಿ. ಪಿಸ್ಟನ್ ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ ಕೆಳತುದಿಯಲ್ಲಿ ಮೈಕ್ರೋಮೀಟರ್ ಹಿಡಿಸಿ, ಬಂದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಡಿ. ಪಿಸ್ಟನ್ ಡಬ್ಬದಲ್ಲಿ ತಯಾರಕರು ಬಿಡಬೇಕಾದ ಜಾಗವನ್ನು ನಮೂದಿಸಿದ್ದರೆ ಅದನ್ನೇ ಹಿಡಿಯಿರಿ. ಬೋರ್ ಗೇಜ್ ಇಲ್ಲದೆ ಬೆರಳಲ್ಲಿ ನೋಡಿ ಹೇಳುವ ಕಡೆ ಬ್ಲಾಕ್ ಬಿಡಬೇಡಿ. ಕೊರೆದ ಮೇಲೆ ಹೋನಿಂಗ್ (ಗೋಡೆಯನ್ನು ಕಲ್ಲಿನಿಂದ ನವಿರಾಗಿ ಉಜ್ಜುವುದು) ಆಗಲೇಬೇಕು, ಗೋಡೆಯ ಮೇಲೆ ಅಡ್ಡಡ್ಡ ಗೆರೆ ಕಾಣಬೇಕು. ಇನ್ನೊಂದು ಕೆಲಸವನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ: ಹೊಸದಾಗಿ ಕೊರೆದಾಗ ಪೋರ್ಟುಗಳ, ಅಂದರೆ ಗೋಡೆಯಲ್ಲಿನ ಕಿಂಡಿಗಳ, ಅಂಚು ಬ್ಲೇಡಿನಂತಾಗಿರುತ್ತದೆ. ಆ ಅಂಚನ್ನು ಎಣ್ಣೆಕಲ್ಲಿನಿಂದ ಸಣ್ಣಗೆ ಮುರಿಯದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಚೂರಾಗುತ್ತದೆ. ರಿಂಗನ್ನು ಬರೀ ಬೋರಿನೊಳಗೆ ತಳ್ಳಿ ಬಾಯಿಯ ಸಂದು ನೋಡಿ. 0.25ರಿಂದ 0.35 ಎಂಎಂ ಇದ್ದರೆ ಸರಿ. ಪಿನ್ನಿನ ಲಾಕುಗಳು ಹಳೆಯವು ಬೇಡ, ಎಷ್ಟೇ ಚೆನ್ನಾಗಿ ಕಂಡರೂ ಬೇಡ.

'ಕಂಪನಿ ಪಿಸ್ಟನ್' ಅಂತ ಹೊಸ ಡಬ್ಬದಲ್ಲಿ ಕೊಟ್ಟರೆ ಹುಷಾರು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಇವತ್ತು ಅಂಗಡಿಯಲ್ಲಿ ಸಿಗುವುದು ಬಹುಪಾಲು ಬೇರೆಯವರು ಅಚ್ಚು ಹಾಕಿದ ಮಾಲು. ಅದರಲ್ಲೂ ಒಳ್ಳೆಯದಿದೆ, ಆದರೆ ಡಬ್ಬದ ಮೇಲಿನ ಅಳತೆಯನ್ನು ನಂಬಿ ಬೋರ್ ಮಾಡಿಸುವಷ್ಟು ಒಳ್ಳೆಯದಲ್ಲ.

ಈಗ ಪೆಟ್ರೋಲ್ ಯಾಕೆ ಕಡಿಮೆಯಾಯಿತು ಅನ್ನೋ ಮಾತು. ಹಣ ಉಳಿಸಲು ಹೋಗಿ ಹಣ ಸುಟ್ಟದ್ದು ಮುಖ್ಯವಾಗಿ ಇಲ್ಲೇ. ಮಾಲೀಕರು ಟ್ಯಾಂಕನ್ನು ಮೊದಲು ಪೇಂಟಿಗೆ ಕೊಟ್ಟಿದ್ದರು. ಕೆಂಪು ಬಣ್ಣ, ಚಿನ್ನದ ಗೆರೆ, ಮೇಲೆ ಲ್ಯಾಕರ್, ಚಂದವಾಗಿಯೇ ಬಂದಿತ್ತು. ಆಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯೆಲ್ಲ ತುಕ್ಕಿನ ಹಕ್ಕಳೆ. ಈಗ ಆಸಿಡ್ ಹಾಕಿದರೆ ಬಾಯಿಯಿಂದ ತುಳುಕಿ ಪೇಂಟ್ ಹೋಗುತ್ತದೆ. ಹಾಗಾಗಿ ತುಕ್ಕಿನ ಮೇಲೇ ಎಪಾಕ್ಸಿ ಸೀಲರ್ ಸುರಿದು ತಿರುಗಿಸಿದರು. ಹಕ್ಕಳೆಯೆದ್ದ ತುಕ್ಕಿನ ಮೇಲೆ ಯಾವ ಲೇಪವೂ ಹಿಡಿಯುವುದಿಲ್ಲ. ಅದರ ಮೇಲೆ ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಅಗ್ಗದ ಲೇಪವನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಎರಡೇ ವಾರದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದ ಪದರ ಪೆಟ್ರೋಲ್ ಕಾಕಿನ ಜಾಲರಿ ಮೇಲೆ ಬಂದು ಕೂತಿತ್ತು. ಸಾಲದ್ದಕ್ಕೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಪೇಂಟಿನಲ್ಲಿ ಮುಚ್ಚಿಹೋಗಿತ್ತು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದೆಲ್ಲಿಂದ?

ಟ್ಯಾಂಕ್ ತೊಳೆಯುವುದು ಮನೆಯಲ್ಲೇ ಆಗುವ ಕೆಲಸ, ಪೇಂಟಿಗೆ ಮೊದಲು ಮಾಡಿದರೆ. ಕಾಕ್ ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ಒಂದು ಹಿಡಿ ಹಳೆಯ ನಟ್ಟು ಹಾಕಿ ಕುಲುಕಿ ಸಡಿಲ ತುಕ್ಕನ್ನು ಸುರಿದುಬಿಡಿ, ನಟ್ಟನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಉಗುರು ಬೆಚ್ಚಗಿನ ನೀರಿಗೆ ಲೀಟರಿಗೆ 50–60 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಕಂಠಮಟ್ಟ ತುಂಬಿ, ಒಂದು ದಿನ ಬಿಡಿ. ಬಾತ್‌ರೂಮ್ ಆಸಿಡ್ ಬೇಡ, ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಒಣಗುವಷ್ಟರಲ್ಲಿ ಹೊಸ ತುಕ್ಕನ್ನು ಕರೆತರುತ್ತದೆ. ಆಮೇಲೆ ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆಯಿರಿ. ನಮ್ಮ ಕಡೆಯ ಬೋರ್‌ವೆಲ್ ನೀರು ಪಾತ್ರೆಯಲ್ಲೇ ಬಿಳಿ ಕಲೆ ಬಿಡುವ ಗಡಸು ನೀರು, ಅದನ್ನು ಕೊನೆಯ ತೊಳೆತಕ್ಕೆ ಬಳಸಬೇಡಿ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ತೊಳೆದ ತಕ್ಷಣ ಬ್ಲೋಯರ್ ಹಿಡಿದು ಒಣಗಿಸಿ, ಒಳಗೆ 200 ಮಿಲಿ 2ಟಿ ಎಣ್ಣೆ ಸುರಿದು ಎಲ್ಲ ಮೂಲೆಗೂ ತಿರುಗಿಸಿ. ಸೀಲರ್ ಬೇಕಾಗುವುದು ತಗಡು ತೂತಾಗಿದ್ದರೆ ಮಾತ್ರ. ತೂತಿಗೆ ಬೆಸುಗೆ ಹಾಕಿಸುವುದಾದರೆ ಟ್ಯಾಂಕ್ ಒಳಗೆ ಪೆಟ್ರೋಲ್ ಆವಿ ಇದ್ದಾಗ ಖಂಡಿತ ಬೇಡ. ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಜೋರಾಗಿ ಸಿಡಿಯುತ್ತದೆ.

ಇ20 ಇನ್ನೊಂದು ಕಡೆಯಿಂದಲೂ ಹೊಡೆಯುತ್ತದೆ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್‌ನಲ್ಲೇ ಓಡಿಸಿದರೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡಿಕೊಂಡು ಬೇಕಿದ್ದರೆ ಇನ್ನೊಂದು ಸೈಜ್ ಏರಿಸಿ. ಹಳೆಯ ರಬ್ಬರ್ ಪೈಪ್, ಕಾಕಿನ ವಾಷರ್, ಕಾರ್ಬುರೇಟರ್ ರಿಂಗ್ ಎಲ್ಲ ಉಬ್ಬುತ್ತವೆ, ಅವನ್ನೆಲ್ಲ ಹೊಸದು ಮಾಡಿ. ಎಣ್ಣೆ ವಿಷಯದಲ್ಲಿ ಈ ಗಾಡಿಯ ಮಾಲೀಕರು 'ಹೆಚ್ಚಿದ್ದರೆ ಒಳ್ಳೇದೇ' ಅಂತ ಲೀಟರಿಗೆ 60 ಮಿಲಿ ಹಾಕುತ್ತಿದ್ದರು. ಜೆಟ್‌ನ ತೂತು ಒಂದೇ, ಎಣ್ಣೆ ಹೆಚ್ಚಿದಷ್ಟೂ ಅದರಲ್ಲಿ ಪೆಟ್ರೋಲ್ ಕಡಿಮೆ. ರಿಪೇರಿಯಾದ ಎಂಜಿನ್‌ಗೆ ಲೀಟರಿಗೆ 40 ಮಿಲಿ ಸಾಕು. ಇಳಿಜಾರಿನಲ್ಲಿ ಎಕ್ಸಿಲೇಟರ್ ಮುಚ್ಚಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಲ್ಲುತ್ತದೆ, ಎಂಜಿನ್ ಮಾತ್ರ ಸುತ್ತುತ್ತಲೇ ಇರುತ್ತದೆ. ಮೊದಲೇ ಕಾದು ಬಿಗಿಯಾಗಿದ್ದ ಪಿಸ್ಟನ್‌ಗೆ ದೇವರಾಯನದುರ್ಗದ ಇಳುಕಲಿನಲ್ಲಿ ಕೊನೆಯ ಪೆಟ್ಟು ಕೊಟ್ಟದ್ದು ಇದೇ. ಪೆಟ್ರೋಲಿಗೇ ಎಣ್ಣೆ ಬೆರೆಸುವ ಗಾಡಿಯನ್ನು ಇಳಿಸುವಾಗ ಆಗಾಗ ಒಂದಿಷ್ಟು ರೇಸ್ ಕೊಡುತ್ತಿರಬೇಕು.

ಇನ್ನು ಕ್ರ್ಯಾಂಕ್ ಕೇಸಿನ ಆಯಿಲ್ ಸೀಲುಗಳು. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಂಜಿನ್ ಹೊರಗಿನ ಗಾಳಿ ಎಳೆಯುತ್ತದೆ. ಗಾಡಿ ನಿಂತಲ್ಲೇ ತಾನಾಗಿ ರೇಸ್ ಆಗುವುದು, ಎಕ್ಸಿಲೇಟರ್ ಬಿಟ್ಟರೂ ಸದ್ದು ಇಳಿಯದಿರುವುದು ಅದರ ಲಕ್ಷಣ. ಈ ಗಾಡಿ ಎರಡನ್ನೂ ತೋರಿಸಿತ್ತು, 'ಕಾರ್ಬುರೇಟರ್ ಟ್ಯೂನಿಂಗ್' ಅಂತ ಸ್ಕ್ರೂ ತಿರುಗಿಸಿ ಕಳಿಸಿದರು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಹೋಗಿ ಬೀದಿ ತುಂಬ ಹೊಗೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಎರಡು ಸೀಲ್ ಸೇರಿ ಕೆಲವು ನೂರು ರೂಪಾಯಿ. ಸೀಲಿನ ಮೇಲೇ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರು ಅಂಕಿ ಅಚ್ಚಾಗಿರುತ್ತವೆ. ಆ ಅಂಕಿ ಹಿಡಿದು ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ವಿಟಾನ್ ರಬ್ಬರಿನದೇ ಸಿಗಬಹುದು, ಎಥನಾಲ್‌ಗೂ ಕಾವಿಗೂ ಅದೇ ತಾಳುವುದು.

ಸೋರಿಕೆ ನೋಡಲು ದುಬಾರಿ ಸಾಮಾನು ಬೇಡ, ಬಿಪಿ ನೋಡುವ ಹಳೆಯ ಮೀಟರ್ ಸಾಕು. ಕಾರ್ಬುರೇಟರ್ ಬಾಯಿ, ಎರಡು ಸೈಲೆನ್ಸರ್ ಬಾಯಿಗಳನ್ನು ಸೈಕಲ್ ಟ್ಯೂಬಿನ ರಬ್ಬರ್ ಮತ್ತು ತಗಡಿನಿಂದ ಬಿಗಿದು ಮುಚ್ಚಿ, ಪ್ಲಗ್ ತೂತಿಗೆ ಹಳೆಯ ಪ್ಲಗ್ ಕೊರೆದು ಮಾಡಿದ ನಳಿಕೆ ಸಿಕ್ಕಿಸಿ, ಪಿಸ್ಟನ್ ಕೆಳಗಿಳಿಸಿ ಪೋರ್ಟ್ ತೆರೆದಿರುವಂತೆ ನೋಡಿಕೊಂಡು ಬಲ್ಬ್ ಒತ್ತಿ 250 ಎಂಎಂ ತನಕ ಏರಿಸಿ. ನಿಮಿಷಕ್ಕೆ 50 ಎಂಎಂಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ.

ಚಾಸಿಯ ವಿಷಯ ಚಿಕ್ಕದು, ಪೆಟ್ಟು ದೊಡ್ಡದು. ಪೌಡರ್ ಕೋಟಿಂಗ್ ಕರೆಂಟ್ ಹರಿಸುವುದಿಲ್ಲ. ಅರ್ತ್ ಕೂರುವ ಜಾಗದಲ್ಲೂ, ಎಂಜಿನ್ ಬೋಲ್ಟಿನ ಸುತ್ತಲೂ ಕೋಟ್ ಬಿದ್ದಿದ್ದರಿಂದ ಲೈಟ್ ಮಿಣುಕುತ್ತಿತ್ತು, ಹಾರ್ನ್ ಕೆಮ್ಮುತ್ತಿತ್ತು. ವೈರಿಂಗ್ ಸರಿ ಇಲ್ಲ ಅಂತ ಹೊಸ ವೈರಿಂಗೇ ಹಾಕಿಸಿದರು. ಕೆರೆದು ಹಿತ್ತಾಳೆ ವಾಷರ್ ಹಾಕಿದರೆ ಮುಗಿಯುತ್ತಿತ್ತು. ಕೋಟಿಂಗ್‌ಗೆ ಕೊಡುವ ಮೊದಲು ಹ್ಯಾಂಡಲ್ ಬೇರಿಂಗಿನ ಬಟ್ಟಲು, ಬೋಲ್ಟ್ ಕೂರುವ ಮರೆ (ಥ್ರೆಡ್), ಅರ್ತ್ ಜಾಗ ಎಲ್ಲಕ್ಕೂ ಕಾವು ತಾಳುವ ಟೇಪ್ ಅಂಟಿಸಿ.

ಎಲ್ಲಕ್ಕಿಂತ ಮೊದಲು ಚಾಸಿ ನಂಬರ್ ಮೇಲೆ ಟೇಪ್ ಅಂಟಿಸಿ. ಆರ್‌ಸಿ ನವೀಕರಣಕ್ಕೆ ಹೋದಾಗ ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆಯುತ್ತಾರೆ. ಈ ಗಾಡಿಯ ನಂಬರ್ ಮೇಲೆ ಪುಟ್ಟಿ ಬಳಿದು ಕೋಟ್ ಮಾಡಿದ್ದರು, ಅಚ್ಚು ಬರಲೇ ಇಲ್ಲ. ಇನ್ನು ಕೇಸ್ ಒಡೆದಿದೆ ಅಂತ ಗುಜರಿಯಿಂದ ಇನ್ನೊಂದು ಕೇಸ್ ತಂದರೆ ಎಂಜಿನ್ ನಂಬರೂ ಬದಲಾಗುತ್ತದೆ, ಆರ್‌ಸಿಗೂ ಗಾಡಿಗೂ ತಾಳೆಯಾಗುವುದಿಲ್ಲ. ಒಡೆದ ಕೇಸಿಗೆ ಬೆಸುಗೆ ಹಾಕಿಸುವುದೇ ಮೇಲು.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಕೇಂದ್ರದ ನಿಯಮದಲ್ಲಿ ಬೈಕಿಗೆ ತಡವಾದ ಪ್ರತಿ ತಿಂಗಳಿಗೂ 300 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ವರ್ಷಗಟ್ಟಲೆ ತಡವಾಗಿದ್ದರೆ ಅದೇ ದೊಡ್ಡ ಮೊತ್ತವಾದೀತು. ನಂಬರ್ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಎಷ್ಟು ಬಾಕಿ, ದಾಖಲೆ ಕಂಪ್ಯೂಟರಿಗೆ ಏರಿದೆಯೋ ಇಲ್ಲವೋ ಕೇಳಿಕೊಂಡು ಬಂದ ಮೇಲೆ ಅಡ್ವಾನ್ಸ್ ಕೊಡಿ. "ವಿಂಟೇಜ್ ನಂಬರ್ ಮಾಡಿಸಿಕೊಡ್ತೀನಿ" ಅನ್ನುವವರು ಸಿಕ್ಕರೆ ಗಾಡಿ ಯಾವ ವರ್ಷದ್ದು ನೋಡಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿರಬೇಕು, ಹೊಸ ನೋಂದಣಿಗೆ ಶುಲ್ಕವೇ 20,000, ಅದರ ಮೇಲೆ ದಿನಬಳಕೆಗೆ ಓಡಿಸುವಂತಿಲ್ಲ. ರೋಡ್‌ಕಿಂಗ್ ಬಂದದ್ದೇ 1978ರಲ್ಲಿ.

ಮೊದಲ ಸವಾರಿಗೆ ಮುಂಚೆ ಐದು ನಿಮಿಷದ ಕೆಲಸ ಒಂದಿದೆ. ಕಾರ್ಬುರೇಟರ್‌ನಿಂದ ಪೈಪ್ ಕಳಚಿ, ಟ್ಯಾಂಕ್ ಮುಚ್ಚಳ ಬಿಗಿಯಾಗಿ ಮುಚ್ಚಿ, ಕಾಕ್ ತೆರೆದು ನೀರಿನ ಬಾಟಲಿಗೆ ಬಿಡಿ. ನಿಮಿಷಕ್ಕೆ ಕಾಲು ಲೀಟರ್ ಬರಬೇಕು, ಮೂರು ನಿಮಿಷವಾದರೂ ಧಾರೆ ಸಣ್ಣಗಾಗಬಾರದು. ಆ ಕೆಂಪು ಟ್ಯಾಂಕಿನಿಂದ ಎರಡನೇ ನಿಮಿಷಕ್ಕೆ ಬರುತ್ತಿದ್ದದ್ದು ತೊಟ್ಟು ತೊಟ್ಟು.