ಆಪ್ಟ್-ಫೈಲ್: ಕಾಣೆಯಾದ ಲೈಬ್ರರಿ ಯಾವ ಪ್ಯಾಕೇಜಿನಲ್ಲಿದೆ ಎಂದು ಹೇಳುವ ಸಾಧನ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು ಉಬುಂಟು ಲ್ಯಾಪ್‌ಟಾಪಿಗೆ ಹಳೆಯ ಮಾಡೆಲ್‌ಸಿಮ್ ಸ್ಟಾರ್ಟರ್ ಎಡಿಷನ್ (ಡಿಜಿಟಲ್ ಸರ್ಕ್ಯೂಟುಗಳ ಸಿಮ್ಯುಲೇಟರ್) ಹಾಕಿಕೊಂಡರೆ, ವಿಂಡೋ ತೆರೆಯುವ ಮೊದಲೇ ಅದು ಲಿಬ್‌ಎಕ್ಸ್‌ಎಫ್‌ಟಿ.ಎಸ್‌ಒ.2 ಎಂಬ ಲೈಬ್ರರಿ ಫೈಲ್ ಸಿಗುತ್ತಿಲ್ಲ ಎಂದು ನಿಂತುಬಿಡುತ್ತದೆ. ಫೈಲಿನ ಹೆಸರೇನೋ ಗೊತ್ತಾಯಿತು, ಅದಿರುವುದು ಯಾವ ಪ್ಯಾಕೇಜಿನಲ್ಲಿ? 'ಆಪ್ಟ್-ಫೈಲ್ ಸರ್ಚ್' ಮುಂದೆ ಆ ಹೆಸರು ಬರೆದರೆ ಲಿಬ್‌ಎಕ್ಸ್‌ಎಫ್‌ಟಿ2 ಎಂದು ಥಟ್ಟನೆ ಹೇಳುತ್ತದೆ. ಇನ್ನೂ ಇನ್‌ಸ್ಟಾಲ್ ಆಗದ ಪ್ಯಾಕೇಜುಗಳ ಒಳಗನ್ನೂ ಹುಡುಕುವುದೇ ಇದರ ದೊಡ್ಡ ಗುಣ. ಇನ್‌ಸ್ಟಾಲ್ ಆದವನ್ನಷ್ಟೇ ನೋಡುವ ಡಿಪಿಕೆಜಿಗೆ (ಉಬುಂಟುವಿನ ಮೂಲ ಪ್ಯಾಕೇಜ್ ಸಾಧನ) ಅದು ಆಗದು.

ಆದರೆ ಮೊದಲು ಎಲ್‌ಡಿಡಿ ಓಡಿಸಿ, ಒಂದು ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಆಜ್ಞೆ ಅದು. ಎರರ್ ಸಂದೇಶ ಮೊದಲ ಕೊರತೆಯನ್ನಷ್ಟೇ ತೋರಿಸುತ್ತದೆ, ಎಲ್‌ಡಿಡಿ 'ನಾಟ್ ಫೌಂಡ್' ಎಂದು ಎಲ್ಲವನ್ನೂ ಒಟ್ಟಿಗೆ ಬಿಚ್ಚಿಡುತ್ತದೆ. ನಂಬಿಕೆಯಿಲ್ಲದ ಬೈನರಿಗೆ (ಓಡಿಸಬಲ್ಲ ಪ್ರೋಗ್ರಾಂ ಫೈಲಿಗೆ) ಮಾತ್ರ ಎಲ್‌ಡಿಡಿ ಬೇಡ, ಅದು ಆ ಬೈನರಿಯನ್ನೇ ಓಡಿಸಿಬಿಡುವ ಅಪಾಯವಿದೆ. ಓಡಿಸದೆಯೇ ಬೇಕಾದ ಲೈಬ್ರರಿಗಳ ಹೆಸರು ತೋರಿಸುವ 'ಆಬ್ಜ್‌ಡಂಪ್ -ಪಿ' ಸಾಕು.

ಇನ್ನೊಂದು ತೊಡಕು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಫೈಲ್ ಕಣ್ಣೆದುರೇ ಇರುತ್ತದೆ, ಓಡಿಸಿದರೆ 'ನೋ ಸಚ್ ಫೈಲ್' ಅನ್ನುತ್ತದೆ. ಹಳೆಯ ಮಾಡೆಲ್‌ಸಿಮ್ 32 ಬಿಟ್‌ನದು. ಕಾಣೆಯಾಗಿರುವುದು ಆ ಫೈಲಲ್ಲ, ಅದನ್ನು ಲೈಬ್ರರಿಗಳೊಂದಿಗೆ ಮೆಮೊರಿಗೆ ತಂದು ಶುರು ಮಾಡುವ 32 ಬಿಟ್‌ನ ಲೋಡರ್. 32 ಬಿಟ್ ಪ್ಯಾಕೇಜುಗಳಿಗೂ (ಐ386) ಜಾಗ ಕೊಡಲು 'ಡಿಪಿಕೆಜಿ --ಆಡ್-ಆರ್ಕಿಟೆಕ್ಚರ್ ಐ386' ಕೊಟ್ಟು, ಆಪ್ಟ್ ಅಪ್‌ಡೇಟ್ ಮಾಡಿ, ಲಿಬ್‌ಸಿ6:ಐ386 ಹಾಕಿ. ಲಿಬ್‌ಎಕ್ಸ್‌ಎಫ್‌ಟಿ2ಕ್ಕೂ ಅದೇ ಬಾಲ ಸೇರಿಸಿ, ಇಲ್ಲದಿದ್ದರೆ 64 ಬಿಟ್‌ನದು ಕೂತು ಎರರ್ ಹಾಗೇ ಉಳಿಯುತ್ತದೆ.

ಕೊರತೆಗಳೂ ಇವೆ. ಆಪ್ಟ್-ಫೈಲ್ ಹಾಕಿದ ಮೇಲೆ ಆಪ್ಟ್ ಅಪ್‌ಡೇಟ್ ಪ್ಯಾಕೇಜುಗಳೊಳಗಿನ ಫೈಲುಗಳ ಪಟ್ಟಿಗಳನ್ನೂ ಎಳೆದುಕೊಳ್ಳುವುದರಿಂದ ಮೊಬೈಲ್ ಡೇಟಾದಲ್ಲಿ ಭಾರ. ಲ್ಯಾಬಿನಲ್ಲಿ ಎಲ್ಲ ಯಂತ್ರಗಳಲ್ಲೂ ಒಂದೇ ಉಬುಂಟು ಆವೃತ್ತಿ ಇದ್ದರೆ ಒಂದರಲ್ಲಿ ಹಾಕಿದರೆ ಸಾಕು, ಉತ್ತರ ಎಲ್ಲಕ್ಕೂ ಒಂದೇ. ಲೈಬ್ರರಿ ಆಪ್ಟ್ ಹೊರಗಿನ ಫೋಲ್ಡರಿನಲ್ಲಿದ್ದರೆ ಇದಕ್ಕೆ ತಿಳಿಯದು. ಆಗ ಲೋಡರ್ ಅಲ್ಲೂ ಹುಡುಕುವಂತೆ ಆ ದಾರಿಯನ್ನು ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಫೋಲ್ಡರಿನ ಒಳಗೊಂದು ಫೈಲಿನಲ್ಲಿ ಬರೆದು ಎಲ್‌ಡಿಕಾನ್ಫಿಗ್ ಆಜ್ಞೆ ಓಡಿಸಬೇಕು.

ಹುಡುಕಿದ್ದು ಬರಿದಾಗಿ ಬಂದರೆ ಅದೂ ಉತ್ತರವೇ. ಉದಾಹರಣೆಗೆ, ಉಬುಂಟು 24.04ರಲ್ಲಿ ಟರ್ಮಿನಲ್ ಪ್ರೋಗ್ರಾಮುಗಳು ಬಳಸುವ ಹಳೆಯ ಲೈಬ್ರರಿ ಲಿಬ್‌ಎನ್‌ಕರ್ಸಸ್5 ಇಲ್ಲ, 22.04ರಲ್ಲಿ ಇದೆ. ದಯವಿಟ್ಟು ಅದರ 6ನೇ ಆವೃತ್ತಿಯನ್ನು 5 ಎಂದು ಸಿಮ್‌ಲಿಂಕ್ (ಬೇರೆ ಹೆಸರಿನ ಕೊಂಡಿ) ಮಾಡಬೇಡಿ. ಎರಡರ ಎಬಿಐ (ಪ್ರೋಗ್ರಾಂ ಮತ್ತು ಲೈಬ್ರರಿ ಬೆಸೆಯುವ ಒಳರೂಪ) ಬೇರೆ, ತೆರೆದಂತೆ ಕಂಡರೂ ನಡುವೆ ಕುಸಿಯಬಹುದು. 22.04ರ ಕಂಟೇನರಿನಲ್ಲಿ (ಅದೇ ಯಂತ್ರದೊಳಗಿನ ಪ್ರತ್ಯೇಕ ಉಬುಂಟು ಪರಿಸರದಲ್ಲಿ) ಓಡಿಸುವುದೇ ಸರಿ.